ಊಹಿಸಿಕೊಳ್ಳೋಣ: ಲಾಜಿಕ್ ಲೆಕ್ಕಗಳ ಹಿಂದಿನ ಕಥೆ

ಹೈಸ್ಕೂಲಿನ ರೇಖಾಗಣಿತ ನೆನಪಿದೆಯಾ? ದತ್ತ, ಸಾಧನೀಯ, ರಚನೆ, ಸಾಧನೆ. ಸಾಂಕೇತಿಕ ತರ್ಕ, ಅಂದರೆ ಸಿಂಬಾಲಿಕ್ ಲಾಜಿಕ್ಕಿನ ಮೊದಲ ಪಾಠಗಳಲ್ಲಿ ಬರುವ ಲೆಕ್ಕಗಳೂ ನೋಡೋಕೆ ಹಾಗೇ ಇರುತ್ತವೆ. ತ್ರಿಕೋನ, ವೃತ್ತ ಏನೂ ಇಲ್ಲ, ಬರೀ ಅಕ್ಷರಗಳು. ಎರಡು ಮೂರು ಹೇಳಿಕೆ ಕೊಟ್ಟು, ಇದರಿಂದ ಇಂಥದ್ದನ್ನು ಸಾಧಿಸಿ ಅನ್ನುತ್ತಾರೆ. ಪ್ರತಿ ಸಾಲಿಗೂ ಒಂದು ನಂಬರು, ಪ್ರತಿ ಸಾಲಿನ ಪಕ್ಕ ಯಾವ ನಿಯಮ ಬಳಸಿದಿರಿ ಅನ್ನೋ ಲೆಕ್ಕಪತ್ರ.

ನನಗೆ ಇವನ್ನು ಬಿಡಿಸುವ ಹುಚ್ಚು, ಕೆಲವರಿಗೆ ಸುಡೋಕು ಇದ್ದ ಹಾಗೆ. ಯಾರಿಗೆ ಹೇಳಿದರೂ ಬರುವ ಮಾತು ಒಂದೇ: "ಅದರಲ್ಲೇನಿದೆ ಮಾರಾಯ, ಯಂತ್ರದ ಥರ ನಿಯಮ ಹಾಕ್ತಾ ಹೋಗೋದು ತಾನೆ?" ಆ ಮಾತಿಗೆ ಉತ್ತರ ಈ ಬರಹ. ಯಾಕಂದರೆ ಇತಿಹಾಸ ತೆಗೆದು ನೋಡಿದರೆ ವಿಷಯ ಪೂರ್ತಿ ಉಲ್ಟಾ ಇದೆ. ಲಾಜಿಕ್ ಯಂತ್ರದಂತೆ ಆಗಿಹೋಗಿದೆ, ಮನುಷ್ಯರು ಹೀಗೆ ಯೋಚಿಸುವುದಿಲ್ಲ ಅಂತ ಕೆಲವರಿಗೆ ಅನ್ನಿಸಿದ್ದರಿಂದಲೇ ಇವತ್ತಿನ ಈ ಲೆಕ್ಕಗಳ ರೂಪ ಹುಟ್ಟಿದ್ದು.

ಮೊದಲು ಯಂತ್ರದಂತಿದ್ದ ಕಾಲ ನೋಡೋಣ. 1879ರಲ್ಲಿ ಜರ್ಮನಿಯ ಯೆನಾದಲ್ಲಿದ್ದ ಗಾಟ್ಲೋಬ್ ಫ್ರೇಗೆ ಒಂದು ಸಣ್ಣ ಪುಸ್ತಕ ಬರೆದ. ಕೆಲವೇ ಸ್ವಯಂಸಿದ್ಧಗಳನ್ನು ಇಟ್ಟುಕೊಂಡು, ಅವುಗಳಿಂದ ಒಂದೊಂದೇ ಸಾಲು ಇಳಿಸುತ್ತಾ ಹೋಗುವುದು ಆತನ ದಾರಿ. ಅದೇ ದಾರಿಯಲ್ಲಿ ಮುಂದೆ ಹೋದವರು ವೈಟ್‌ಹೆಡ್ ಮತ್ತು ರಸೆಲ್. ಅವರ 'ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ' 1910ರಿಂದ 1913ರೊಳಗೆ ಮೂರು ದಪ್ಪ ಸಂಪುಟಗಳಲ್ಲಿ ಬಂತು. ಒಂದು ಕೂಡಿಸು ಒಂದು ಎರಡು ಅನ್ನುವುದು ಇದರಿಂದ ಮುಂದೆ ಸಿಗುತ್ತದೆ ಅನ್ನುವ ಟಿಪ್ಪಣಿ ಬರುವ ಹೊತ್ತಿಗೆ ಮೊದಲ ಸಂಪುಟದ 379ನೇ ಪುಟ!

ಈ ಪದ್ಧತಿಯ ರುಚಿ ನೋಡಬೇಕಾ? 'ಅ ನಿಜವಾದರೆ ಅ ನಿಜ' ಅನ್ನೋದನ್ನು ಸಾಧಿಸಬೇಕು ಅಂದುಕೊಳ್ಳಿ. ಮಗುವಿಗೂ ಗೊತ್ತಿರುವ ಮಾತು. ಫ್ರೇಗೆಯ ಸ್ವಯಂಸಿದ್ಧಗಳಲ್ಲಿ ಎರಡನ್ನು ಬಳಸಿದರೆ ಸಾಧನೆ ಹೀಗಿರುತ್ತದೆ (ಬಾಣದ ಗುರುತನ್ನು 'ಆದರೆ' ಅಂತ ಓದಿಕೊಳ್ಳಿ):

1. ಅ → ((ಅ → ಅ) → ಅ) ..... ಮೊದಲ ಸ್ವಯಂಸಿದ್ಧ
2. (ಅ → ((ಅ → ಅ) → ಅ)) → ((ಅ → (ಅ → ಅ)) → (ಅ → ಅ)) ..... ಎರಡನೆಯದು
3. (ಅ → (ಅ → ಅ)) → (ಅ → ಅ) ..... 1 ಮತ್ತು 2ರಿಂದ
4. ಅ → (ಅ → ಅ) ..... ಮತ್ತೆ ಮೊದಲನೆಯದು
5. ಅ → ಅ ..... 3 ಮತ್ತು 4ರಿಂದ

ಐದು ಸಾಲು. ಪ್ರತಿಯೊಂದೂ ಸರಿ. ಆದರೆ ಎರಡನೇ ಸಾಲು ಯಾರ ತಲೆಗೆ ತಾನಾಗಿ ಹೊಳೆಯುತ್ತದೆ ಹೇಳಿ! ಉತ್ತರ ಗೊತ್ತಿದ್ದವರು ಮಾತ್ರ ಬರೆಯಬಹುದಾದ ಸಾಲು ಅದು.

ಇದನ್ನು ಪ್ರಶ್ನಿಸಿದವನು ವಾರ್ಸಾದ ಯಾನ್ ಲುಕಾಸೇವಿಚ್. 1926ರಲ್ಲಿ ತನ್ನ ಸೆಮಿನಾರಿನಲ್ಲಿ ಆತ ವಿದ್ಯಾರ್ಥಿಗಳ ಮುಂದೆ ಒಂದು ಸಮಸ್ಯೆ ಇಟ್ಟ. ಗಣಿತಜ್ಞರು ನಿಜವಾಗಿ ಸಾಧಿಸುವಾಗ ತರ್ಕದ ಸ್ವಯಂಸಿದ್ಧಗಳಿಂದ ಶುರು ಮಾಡುವುದೇ ಇಲ್ಲ. "ಹೀಗಿದೆ ಅಂತ ಊಹಿಸಿಕೊಳ್ಳೋಣ" ಅನ್ನುತ್ತಾರೆ, ಅಲ್ಲಿಂದ ಏನು ಬರುತ್ತದೆ ನೋಡುತ್ತಾರೆ. ಹಾಗಾದರೆ ಈ ಊಹೆಯ ಪದ್ಧತಿಗೇ ಕಟ್ಟುನಿಟ್ಟಾದ ನಿಯಮಗಳನ್ನು ಕೊಡಲು ಆಗುತ್ತದೆಯೇ?

ಉತ್ತರ ತಂದವನು ಸ್ತಾನಿಸ್ವಾಫ್ ಯಾಶ್ಕೋವ್‌ಸ್ಕಿ. 1906ರಲ್ಲಿ ಹುಟ್ಟಿದವನು, ಆಗಿನ್ನೂ ಇಪ್ಪತ್ತರ ಹುಡುಗ. ಅವನ ಉಪಾಯ ಎಷ್ಟು ಸರಳ ನೋಡಿ. ಊಹೆ ಮಾಡಿದ ಕೂಡಲೇ ಒಂದು ಪೆಟ್ಟಿಗೆ ಗೀಚು. ಊಹೆಯಿಂದ ಬರುವುದೆಲ್ಲ ಪೆಟ್ಟಿಗೆಯೊಳಗೇ ಇರಲಿ. ಸಾಕಾದಾಗ ಪೆಟ್ಟಿಗೆ ಮುಚ್ಚು. ಒಳಗೆ 'ಅ' ಊಹಿಸಿ 'ಕ' ಸಿಕ್ಕಿದ್ದರೆ, ಹೊರಗೆ 'ಅ ಆದರೆ ಕ' ಅಂತ ಬರೆಯಬಹುದು. ಆದರೆ ಒಳಗಿನ ಸಾಲುಗಳನ್ನು ಹೊರಗೆ ತರುವ ಹಾಗಿಲ್ಲ. ಮೇಲಿನ ಐದು ಸಾಲಿನ ಸಾಧನೆ ಈಗ ಏನಾಯಿತು? 'ಅ' ಊಹಿಸಿಕೋ. ಪೆಟ್ಟಿಗೆಯೊಳಗೆ 'ಅ' ಇದ್ದೇ ಇದೆ. ಪೆಟ್ಟಿಗೆ ಮುಚ್ಚು. 'ಅ ಆದರೆ ಅ'. ಮುಗೀತು.

1927ರಲ್ಲಿ ಲ್ವೂಫ್ ನಗರದಲ್ಲಿ ನಡೆದ ಪೋಲಿಷ್ ಗಣಿತಜ್ಞರ ಸಮ್ಮೇಳನದಲ್ಲಿ ಆತ ಇದನ್ನು ಮಂಡಿಸಿದ. ಅಚ್ಚಾಗಿದ್ದು ಮಾತ್ರ ಏಳು ವರ್ಷ ತಡವಾಗಿ, 1934ರಲ್ಲಿ. ಅಷ್ಟರಲ್ಲಿ ಪೆಟ್ಟಿಗೆ ಬಿಟ್ಟು ಸಾಲಿನ ಮುಂದೆ ಅಂಕಿ ಹಾಕುವ ಇನ್ನೊಂದು ಬರವಣಿಗೆಯನ್ನೂ ಮಾಡಿಕೊಂಡಿದ್ದ.

ಅದೇ ಹೊತ್ತಿಗೆ ಜರ್ಮನಿಯ ಗಾಟಿಂಗೆನ್‌ನಲ್ಲಿ ಇನ್ನೊಬ್ಬ ಹುಡುಗ ಇದೇ ಪ್ರಶ್ನೆ ಹಿಡಿದು ಕೂತಿದ್ದ. ಗೆರ್ಹಾರ್ಡ್ ಗೆಂಟ್ಸೆನ್, 1909ರಲ್ಲಿ ಹುಟ್ಟಿದವನು. ಇವನಿಗೆ ಅವನ ಸುದ್ದಿ ಗೊತ್ತಿಲ್ಲ, ಅವನಿಗೆ ಇವನದು ಗೊತ್ತಿಲ್ಲ. ಗೆಂಟ್ಸೆನ್‌ನ ಪ್ರಬಂಧ 1934-35ರಲ್ಲಿ ಎರಡು ಕಂತುಗಳಲ್ಲಿ ಬಂತು. ಮನುಷ್ಯರು ನಿಜವಾಗಿ ತರ್ಕ ಮಾಡುವ ರೀತಿಗೆ ಆದಷ್ಟು ಹತ್ತಿರ ಇರುವ ಪದ್ಧತಿ ಕಟ್ಟುವುದು ಅವನ ಗುರಿ. ಅದಕ್ಕೆ ಇಟ್ಟ ಹೆಸರೂ ಹಾಗೇ, ಸಹಜ ಅನುಮಾನ. ಪೆಟ್ಟಿಗೆಯ ಬದಲು ಅವನದು ಮರದ ಆಕಾರ. ಪ್ರತಿ ಚಿಹ್ನೆಗೂ ಎರಡು ಥರದ ನಿಯಮ: ಅದನ್ನು ಒಳಗೆ ತರುವುದು ಹೇಗೆ, ಹೊರಗೆ ಕಳಿಸುವುದು ಹೇಗೆ.

ಇಲ್ಲಿಂದ ಕಥೆ ಕತ್ತಲೆಗೆ ಹೋಗುತ್ತದೆ. ಗೆಂಟ್ಸೆನ್‌ಗೆ ದಾರಿ ತೋರಿದ ಪೌಲ್ ಬೆರ್ನೈಸ್ ಯಹೂದಿ. 1933ರಲ್ಲಿ ನಾಜಿಗಳು ಅವರನ್ನು ಕೆಲಸದಿಂದ ತೆಗೆದರು. ಅದೇ ವರ್ಷದ ಕೊನೆಗೆ ಗೆಂಟ್ಸೆನ್ ನಾಜಿಗಳ ಎಸ್‌ಎ ದಳ ಸೇರಿದ, 1937ರಲ್ಲಿ ಪಕ್ಷವನ್ನೂ ಸೇರಿದ. ಹಾಗಿದ್ದೂ ಬೆರ್ನೈಸ್ ಜೊತೆ ಪತ್ರವ್ಯವಹಾರ ಇಟ್ಟುಕೊಂಡಿದ್ದ. 1943ರಿಂದ ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ. 1945ರ ಮೇ ತಿಂಗಳಲ್ಲಿ ಅಲ್ಲಿನ ಬೇರೆ ಜರ್ಮನ್ನರ ಜೊತೆ ಬಂಧನವಾಯಿತು. ಆಗಸ್ಟ್ 4ರಂದು ಊಟವಿಲ್ಲದೆ ಸೆರೆಮನೆಯಲ್ಲೇ ಸತ್ತ. ವಯಸ್ಸು 35.

ಅತ್ತ ಪೋಲೆಂಡಿನಲ್ಲಿ? ಆ ವಾರ್ಸಾ ಬಳಗದ ಅಡಾಲ್ಫ್ ಲಿಂಡೆನ್‌ಬಾಮ್‌ನನ್ನು 1941ರಲ್ಲಿ ವಿಲ್ನಿಯಸ್ ಹತ್ತಿರ ಕೊಂದರು. ಪ್ರಶ್ನೆ ಹಾಕಿದ್ದ ಲುಕಾಸೇವಿಚ್ 1944ರಲ್ಲಿ ವಾರ್ಸಾ ಬಿಟ್ಟು, ಊರೂರು ಅಲೆದು, 1946ರಲ್ಲಿ ಡಬ್ಲಿನ್ ಸೇರಿ ಅಲ್ಲೇ 1956ರಲ್ಲಿ ತೀರಿಕೊಂಡ. ಯಾಶ್ಕೋವ್‌ಸ್ಕಿ ಬದುಕುಳಿದು ಟೊರೂನ್‌ನಲ್ಲಿ ಪ್ರೊಫೆಸರ್ ಆದ.

ಗೆಂಟ್ಸೆನ್‌ನ ವಿಚಾರದಲ್ಲಿ ನನಗೆ ಇವತ್ತಿಗೂ ಸಮಾಧಾನವಿಲ್ಲ. ಒಂದು ಊಹೆಯಿಂದ ಏನೇನು ಬರುತ್ತದೆ ಅಂತ ಅವನಷ್ಟು ಚೆನ್ನಾಗಿ ಬಲ್ಲವರು ಆಗ ಕಡಿಮೆ. ತನ್ನ ಮೇಷ್ಟ್ರನ್ನೇ ಓಡಿಸಿದ ಪಕ್ಷದಿಂದ ಏನು ಬರುತ್ತದೆ ಅಂತ ಅವನಿಗೆ ಕಾಣಲಿಲ್ಲವೇ? ಕೆಲಸ ಉಳಿಸಿಕೊಳ್ಳಲು ಸೇರಿದ ಅನ್ನುವವರಿದ್ದಾರೆ. ಇರಬಹುದು. ಆದರೂ ಲಾಜಿಕ್ ಕಲಿತರೆ ವಿವೇಕ ತಾನಾಗಿ ಬರುತ್ತದೆ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಇವನೇ ನೆನಪಾಗುತ್ತಾನೆ. ಲಾಜಿಕ್ ಊಹೆಯಿಂದ ಮುಂದಿನ ದಾರಿ ಹೇಳುತ್ತದೆ. ಯಾವ ಊಹೆಯನ್ನು ಒಪ್ಪಿಕೊಳ್ಳಬೇಕು ಅಂತ ಹೇಳುವುದಿಲ್ಲ.

ಇರಲಿ, ಲೆಕ್ಕಗಳ ಕಡೆಗೆ ಬರೋಣ. ಯುದ್ಧ ಮುಗಿದ ಮೇಲೆ ಈ ಊಹೆಯ ಪದ್ಧತಿ ಅಮೆರಿಕದ ಪಠ್ಯಪುಸ್ತಕಗಳಿಗೆ ಬಂತು. 1950ರಲ್ಲಿ ಕ್ವೈನ್, 1952ರಲ್ಲಿ ಫಿಚ್, 1957ರಲ್ಲಿ ಸಪ್ಪೀಸ್. ಫಿಚ್ ಪೆಟ್ಟಿಗೆಯ ಮೂರು ಗೋಡೆ ಬೀಳಿಸಿ ಎಡಗಡೆಯ ಗೆರೆ ಮಾತ್ರ ಉಳಿಸಿದ. ಇವತ್ತು ಎಷ್ಟೋ ಕಡೆ ವಿದ್ಯಾರ್ಥಿಗಳು ಎಳೆಯುವ ಉದ್ದ ಗೆರೆ ಅದೇ. ನಮ್ಮ ದೇಶದ ಫಿಲಾಸಫಿ ತರಗತಿಗಳಲ್ಲಿ ಹೆಚ್ಚಾಗಿ ಕಾಣುವುದು ಇರ್ವಿಂಗ್ ಕೋಪಿಯ ಪುಸ್ತಕ, ಮೊದಲು ಬಂದಿದ್ದು 1953ರಲ್ಲಿ. ಅದರ ಹತ್ತೊಂಬತ್ತು ನಿಯಮಗಳನ್ನು ಬಾಯಿಪಾಠ ಮಾಡಿದವರು ನಿಮ್ಮಲ್ಲೂ ಇರಬಹುದು.

ಇನ್ನು ಯಂತ್ರದ ಮಾತು. 1956ರ ಆರಂಭದಲ್ಲಿ ಹರ್ಬರ್ಟ್ ಸೈಮನ್ ತನ್ನ ಹೆಂಡತಿ, ಮಕ್ಕಳು ಮತ್ತು ಕೆಲವು ವಿದ್ಯಾರ್ಥಿಗಳನ್ನು ಕೂರಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಕಾರ್ಡು ಕೊಟ್ಟ. ಒಂದೊಂದು ಕಾರ್ಡೂ ಪ್ರೋಗ್ರಾಮಿನ ಒಂದೊಂದು ತುಂಡು. ಕಂಪ್ಯೂಟರ್ ಸಿದ್ಧವಾಗುವ ಮೊದಲು ಮನುಷ್ಯರೇ ಕಂಪ್ಯೂಟರ್ ಆಗಿ ಆಡಿದ್ದು! ಆಮೇಲೆ ನ್ಯೂವೆಲ್, ಶಾ ಮತ್ತು ಸೈಮನ್ ಅವರ ಈ ಪ್ರೋಗ್ರಾಮು ನಿಜವಾದ ಯಂತ್ರದ ಮೇಲೆ ಓಡಿ, ಪ್ರಿನ್ಸಿಪಿಯಾದ ಎರಡನೇ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಸಾಧಿಸಿತು. 1958ರಲ್ಲಿ ಹಾವ್ ವಾಂಗ್ ಗೆಂಟ್ಸೆನ್‌ನ ದಾರಿಯನ್ನು ಹಿಡಿದು ಬರೆದ ಪ್ರೋಗ್ರಾಮು ಐಬಿಎಂ 704ರ ಮೇಲೆ ಅದೇ ಪುಸ್ತಕದ ಇನ್ನೂರಕ್ಕೂ ಹೆಚ್ಚು ಪ್ರಮೇಯಗಳನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿತು.

"ನೋಡಿದ್ರಾ, ಯಂತ್ರವೇ ಮಾಡುತ್ತೆ" ಅನ್ನಬೇಡಿ, ತಡೆಯಿರಿ. ನ್ಯೂವೆಲ್ ಮತ್ತು ಸೈಮನ್‌ಗೆ ಬೇಕಾಗಿದ್ದು ಉತ್ತರ ಅಲ್ಲ, ಮನುಷ್ಯ ತಡಕಾಡುವ ರೀತಿ. 1954ರಲ್ಲಿ ಮೂರ್ ಮತ್ತು ಆಂಡರ್ಸನ್ ಅನ್ನುವ ಇಬ್ಬರು ಇಂಥ ಲೆಕ್ಕಗಳನ್ನೇ ಮನಶ್ಶಾಸ್ತ್ರದ ಪ್ರಯೋಗಕ್ಕೆ ಹೊಂದಿಸಿದ್ದರು. ಹನ್ನೆರಡು ನಿಯಮಗಳ ಪಟ್ಟಿ ಎದುರಿಗೆ. ಇದು ಲಾಜಿಕ್ ಅಂತ ಬಿಡಿಸುವವರಿಗೆ ಹೇಳುತ್ತಿರಲಿಲ್ಲ. ಚಿಹ್ನೆಗಳನ್ನು 'ಚುಕ್ಕೆ', 'ಕುದುರೆ ಲಾಳ' ಅಂತ ಆಕಾರದ ಹೆಸರಿನಿಂದಲೇ ಓದಬೇಕು. ನ್ಯೂವೆಲ್ ಮತ್ತು ಸೈಮನ್ ಅವನ್ನೇ ತೆಗೆದುಕೊಂಡು, ಬಿಡಿಸುವಾಗ ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಹೋಗಿ ಅಂದರು.

ಅದರಲ್ಲಿ ಹೆಸರಾದ ಒಂದು ಲೆಕ್ಕವನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಮಳೆ ಬಂದರೆ ಆಟ ಇಲ್ಲ. ಮಳೆ ಬರದಿದ್ದರೆ ಕೊಯ್ಲು ಇದೆ. ಹಾಗಾಗಿ ಕೊಯ್ಲು ಇಲ್ಲದೆ ಆಟ ಇರುವುದು ಸಾಧ್ಯವಿಲ್ಲ. ಯಾಶ್ಕೋವ್‌ಸ್ಕಿಯ ಪೆಟ್ಟಿಗೆ ಇದ್ದರೆ ಸಲೀಸು: ಕೊಯ್ಲು ಇಲ್ಲ, ಆಟ ಇದೆ ಅಂತ ಊಹಿಸಿಕೊಳ್ಳಿ. ಕೊಯ್ಲು ಇಲ್ಲ ಅಂದಮೇಲೆ ಮಳೆ ಬಂದಿದೆ. ಮಳೆ ಬಂದಮೇಲೆ ಆಟ ಇಲ್ಲ. ಆಟ ಇದೆ, ಆಟ ಇಲ್ಲ, ಎರಡೂ ಹೇಗಾಗುತ್ತೆ? ಊಹೆ ಸುಳ್ಳು. ಆದರೆ ಆ ವಿದ್ಯಾರ್ಥಿಗಳಿಗೆ ಊಹೆಯೂ ಇಲ್ಲ, ಮಳೆಯೂ ಇಲ್ಲ. ಬರೀ ಚುಕ್ಕೆ, ಲಾಳ. ಒಂದು ನಿಯಮ ಹಿಡಿಯುವುದು, ಗುರಿಗೂ ಕೈಲಿರುವುದಕ್ಕೂ ಏನು ವ್ಯತ್ಯಾಸ ಅಂತ ನೋಡುವುದು, ಆಗಲಿಲ್ಲ ಅಂತ ವಾಪಸ್ ಬರುವುದು. ಈ ಹೋಗಿಬರುವಿಕೆಯನ್ನೇ ಅವರು 'ಜನರಲ್ ಪ್ರಾಬ್ಲಮ್ ಸಾಲ್ವರ್' ಅನ್ನೋ ಪ್ರೋಗ್ರಾಮಿನ ನಡೆಯ ಪಕ್ಕ ಇಟ್ಟು ಹೋಲಿಸಿ 1961ರಲ್ಲಿ ಪ್ರಕಟಿಸಿದರು. ಕೃತಕ ಬುದ್ಧಿಮತ್ತೆಯ ಮೊದಲ ಅಧ್ಯಾಯಗಳಲ್ಲಿ ಹೀಗೆ ಲಾಜಿಕ್ ಲೆಕ್ಕದ ಮುಂದೆ ತಲೆ ಕೆರೆದುಕೊಂಡ ಹೆಸರಿಲ್ಲದ ವಿದ್ಯಾರ್ಥಿಗಳೂ ಸೇರಿದ್ದಾರೆ.

ಇದರಿಂದ ನನಗೆ ಅರ್ಥವಾಗಿದ್ದು ಇಷ್ಟು. ಸಾಲುಗಳನ್ನು ಪರೀಕ್ಷಿಸುವ ಕೆಲಸ ಯಂತ್ರದ್ದೇ, ಅದರಲ್ಲಿ ಅನುಮಾನವಿಲ್ಲ. ಸಾಲು ಹುಡುಕುವುದು ಬೇರೆ ಕೆಲಸ. ಯಾವ ಊಹೆ ಮಾಡಿದರೆ ಉಪಯೋಗ, ಯಾವಾಗ ಪೆಟ್ಟಿಗೆ ಮುಚ್ಚಬೇಕು, ಯಾವಾಗ ಕೆಳಗಿನಿಂದ ಮೇಲಕ್ಕೆ ಬರಬೇಕು, ಇದನ್ನು ಯಾವ ನಿಯಮವೂ ಹೇಳಿಕೊಡುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ನನ್ನದೊಂದೇ ಕಿವಿಮಾತು: ಮೊದಲು ಕೊನೆಯ ಸಾಲು ನೋಡಿ. ಅದು 'ಇದಾದರೆ ಅದು' ಅಂತಿದ್ದರೆ 'ಇದು' ಅನ್ನುವುದನ್ನು ಊಹಿಸಿ. 'ಇದಲ್ಲ' ಅಂತಿದ್ದರೆ 'ಇದು' ಅಂತಲೇ ಊಹಿಸಿ ಜಗಳ ಹುಟ್ಟಿಸಿ.

ಸುಮ್ಮನೆ ಓದಿ ಹೋದರೆ ಹೇಗೆ? 1885ರಲ್ಲಿ ಅಮೆರಿಕದ ಚಾರ್ಲ್ಸ್ ಪರ್ಸ್ ಕೊಟ್ಟ ನಿಯಮವೊಂದು ಇಲ್ಲಿದೆ:

((ಅ → ಬ) → ಅ) → ಅ

ದತ್ತ ಏನೂ ಇಲ್ಲ. ಎರಡು ಅಕ್ಷರ, ಮೂರು ಬಾಣ ಅಷ್ಟೇ. ಸಲೀಸು ಅಂತ ಕಂಡರೆ ಹುಷಾರು, ಒಂದು ಪೆಟ್ಟಿಗೆಯಲ್ಲಿ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಉಲ್ಟಾ ಊಹಿಸಲೇಬೇಕು. ಬಿಡಿಸಿದವರು ಎಷ್ಟು ಪೆಟ್ಟಿಗೆ ಬೇಕಾಯಿತು ಅಂತ ಹೇಳಿ. ನನಗೆ ಮೂರು ಬೇಕಾದವು.