ಅಂಗಸಾಧನೆಯಿಂದ ವೃತ್ತಿಶಿಕ್ಷಣಕ್ಕೆ: ಪ್ರೌಢಶಾಲೆಯಲ್ಲಿ ಕ್ರೀಡೆಯ ಸ್ಥಾನ

ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಆಟಕ್ಕೆ ಪ್ರತ್ಯೇಕ ಅವಧಿಯುಂಟು. ದೈಹಿಕ ಶಿಕ್ಷಣವೆಂಬ ಹೆಸರಿನ ಪಠ್ಯಪುಸ್ತಕವೂ ಉಂಟು. ಆದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಅದಕ್ಕೆ ಪತ್ರಿಕೆಯಿಲ್ಲ. ಮೋಟಾರು ವಾಹನದ ಕೆಲಸ, ಅಂಗಡಿ ವ್ಯಾಪಾರ, ಸೌಂದರ್ಯ ಪ್ರಸಾಧನ ಮೊದಲಾದುವು ವೃತ್ತಿವಿಷಯಗಳೆಂಬ ಹೆಸರಿನಲ್ಲಿ ಪರೀಕ್ಷೆಯೊಳಕ್ಕೆ ಬಂದಾಗಲೂ ಕ್ರೀಡೆ ಹೊರಗೇ ಉಳಿಯಿತು. ಇದು ಹೇಗಾಯಿತೆಂಬುದನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಎದುರಿಗಿಟ್ಟುಕೊಂಡು ನಾವು ಇಲ್ಲಿ ವಿಚಾರಿಸಬಯಸುತ್ತೇವೆ. ನಮ್ಮ ಜನ ಆಟವನ್ನು ಹೊತ್ತುಗಳೆಯುವ ಕೆಲಸವೆಂದು ಬಗೆದುದೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಈ ಮಾತನ್ನು ಇತಿಹಾಸ ಸಮರ್ಥಿಸುವುದಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಮಲ್ಲರನ್ನು ಅವರ ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಆಹಾರವನ್ನೂ ಸಾಧನೆಯ ಕ್ರಮವನ್ನೂ ಅಲ್ಲಿ ನಿರೂಪಿಸಿದೆ. ವಿನೋದವು ಅರಸನಿಗೆ, ಮಲ್ಲನಿಗಾದರೋ ಅದು ಜೀವನೋಪಾಯ. ಮೈಸೂರು ಅರಸರ ದಸರಾ ಉತ್ಸವದಲ್ಲಿ ವಜ್ರಮುಷ್ಟಿ ಕಾಳಗ ಮಾಡುತ್ತ ಬಂದ ಜೆಟ್ಟಿಗಳದು ವಂಶಪಾರಂಪರ್ಯವಾದ ವೃತ್ತಿ. ಹಳೆಯ ಮೈಸೂರಿನ ಊರೂರುಗಳಲ್ಲಿದ್ದ ಗರಡಿಮನೆಗಳ ವಿಚಾರವೂ ಇದಕ್ಕೆ ದೂರವಲ್ಲ. ಬೆಂಗಳೂರಿನ ಕರಗದ ವೀರಕುಮಾರರು ಗರಡಿಯಲ್ಲಿ ಸಾಧನೆ ಮಾಡುವವರು. ಕರಗದ ಉತ್ಸವ ದೊಡ್ಡಬಳ್ಳಾಪುರ, ಹೊಸಕೋಟೆಗಳಲ್ಲಿಯೂ ನಡೆಯುತ್ತದೆ. ಗರಡಿಯಲ್ಲಿ ಉಸ್ತಾದನೆಂಬ ಗುರುವಿದ್ದನು, ಕಲಿಕೆಯ ಕ್ರಮವಿದ್ದಿತು, ಪಥ್ಯವಿದ್ದಿತು. ಒಂದು ಕಸುಬಿಗೆ ಇದಕ್ಕಿಂತ ಹೆಚ್ಚಿನ ಲಕ್ಷಣವೇನು ಬೇಕು? ಆದರೆ ಈ ವಿದ್ಯೆ ಜಾತಿ ಮತ್ತು ಕೇರಿಗಳ ಮೇರೆಯೊಳಗೆ ಹರಿದು, ಬಹುಮಟ್ಟಿಗೆ ಗಂಡಸರಿಗೇ ಮೀಸಲಾಗಿತ್ತೆಂಬುದನ್ನು ಮರೆಯಲಾಗದು.

ಆಧುನಿಕ ಶಾಲೆ ಸ್ಥಾಪಿತವಾದಾಗ ಅದು ಗರಡಿಯ ಕಡೆ ನೋಡಲಿಲ್ಲ. ಅದರೊಳಕ್ಕೆ ಬಂದುದು ಡ್ರಿಲ್. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ೧೮೧೩ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ ಹೊರಟ ವ್ಯಾಯಾಮಪದ್ಧತಿಯೂ, ಬೋಯರ್ ಯುದ್ಧದ ಅನುಭವದಿಂದ ಎಚ್ಚೆತ್ತ ಇಂಗ್ಲೆಂಡ್ ೧೯೦೨ರಲ್ಲಿ ಸೈನ್ಯದ ಕವಾಯತಿನ ಮಾದರಿಯಲ್ಲಿ ಶಾಲೆಗಳಿಗಾಗಿ ಹೊರಡಿಸಿದ ಪಾಠಕ್ರಮವೂ ಇದರ ಮೂಲಗಳಲ್ಲಿ ಮುಖ್ಯವಾದುವು. ಡ್ರಿಲ್ಲಿನ ಉದ್ದೇಶ ಎಲ್ಲ ಮಕ್ಕಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು. ಯಾರೊಬ್ಬರಿಗೂ ಕಸುಬು ಕಲಿಸುವುದಲ್ಲ. ಡ್ರಿಲ್ ಮೇಷ್ಟ್ರು ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿರುವ ತುಸು ಅಗ್ಗದ ಧ್ವನಿಗೆ ಮೂಲ ಇಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.

ಹ್ಯಾರಿ ಕ್ರೋ ಬಕ್ ಎಂಬವರು ೧೯೨೦ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದ ಮೇಲೆ ಕಲಿಸುವವನಿಗೆ ತರಬೇತು ದೊರೆಯುವಂತಾಯಿತು. ಕಲಿಯುವವನಿಗೆ ಅದು ವೃತ್ತಿಯಾಗಲಿಲ್ಲ. ಅತ್ತ ಶಾಲೆಯ ಹೊರಗೆ, ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರು ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ಪಾಠ ಹೇಳಿ, ಅಂಗಸಾಧನೆಯಿಂದಲೇ ಗೌರವದಿಂದ ಬದುಕಬಹುದೆಂಬುದನ್ನು ತೋರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕರೆಸಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ವ್ಯಾಯಾಮಶಿಕ್ಷಣದ ಶಾಖೆಯನ್ನು ತೆರೆಸಿದರು. ‘ಶಾಂತಲಾ’ ಕಾದಂಬರಿಯಿಂದ ಅಯ್ಯರ್ ಅವರನ್ನು ಬಲ್ಲ ವಾಚಕರು ಅವರ ಈ ಮುಖ್ಯ ಉದ್ಯೋಗವನ್ನು ಮರೆಯುವುದುಂಟು.

ಸ್ವಾತಂತ್ರ್ಯಾನಂತರದ ಘಟ್ಟವೇ ನಮ್ಮ ವಿಷಯಕ್ಕೆ ನಿರ್ಣಾಯಕವಾದುದು. ೧೯೫೨ರಲ್ಲಿ ನೇಮಕವಾಗಿ ಮರುವರ್ಷ ವರದಿಯನ್ನೊಪ್ಪಿಸಿದ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿ, ಐಚ್ಛಿಕ ವಿಷಯಗಳನ್ನು ಏಳು ಗುಂಪುಗಳಾಗಿ ವಿಂಗಡಿಸಿತು: ಮಾನವಿಕಗಳು, ವಿಜ್ಞಾನ, ತಾಂತ್ರಿಕ ವಿಷಯಗಳು, ವಾಣಿಜ್ಯ, ವ್ಯವಸಾಯ, ಲಲಿತಕಲೆ, ಗೃಹವಿಜ್ಞಾನ. ಚಿತ್ರ ಬರೆಯುವವನಿಗೂ ಹಾಡುವವನಿಗೂ ಇದರಲ್ಲಿ ಎಡೆ ದೊರೆಯಿತು, ಓಡುವವನಿಗೆ ದೊರೆಯಲಿಲ್ಲ. ಆಯೋಗ ದೈಹಿಕ ಶಿಕ್ಷಣವನ್ನು ಕಡೆಗಣಿಸಿತೆಂದು ಇದರ ಅರ್ಥವಲ್ಲ. ನಲವತ್ತು ವರ್ಷಕ್ಕಿಂತ ಕಿರಿಯರಾದ ಉಪಾಧ್ಯಾಯರೆಲ್ಲರೂ ವಿದ್ಯಾರ್ಥಿಗಳೊಡನೆ ಶಾರೀರಿಕ ಚಟುವಟಿಕೆಗಳಲ್ಲಿ ಭಾಗವಹಿಸಬೇಕೆಂದೂ, ಮಕ್ಕಳ ಚಟುವಟಿಕೆಯ ದಾಖಲೆಯನ್ನು ಪೂರ್ಣವಾಗಿ ಇಡಬೇಕೆಂದೂ, ದೈಹಿಕ ಶಿಕ್ಷಣದ ಉಪಾಧ್ಯಾಯನಿಗೆ ಸಮಾನ ಅರ್ಹತೆಯ ಇತರ ಉಪಾಧ್ಯಾಯರಿಗಿರುವ ಸ್ಥಾನವನ್ನೇ ಕೊಡಬೇಕೆಂದೂ ಅದು ಹೇಳಿತು. ಉದಾರವಾದ ಮಾತುಗಳೇ ಸರಿ. ಆದರೆ ಎಲ್ಲರಿಗೂ ಅವಶ್ಯವೆಂದು ಗೌರವಿಸಿದುದರಿಂದಲೇ ಕ್ರೀಡೆ ಕೆಲವರು ಆಯ್ದುಕೊಂಡು ಆಳವಾಗಿ ಕಲಿಯಬಹುದಾದ ವಿಷಯಗಳ ಪಟ್ಟಿಯಿಂದ ಹೊರಗುಳಿಯಿತು. ತಿರಸ್ಕಾರದಿಂದಲ್ಲ, ಈ ಬಗೆಯ ಪುರಸ್ಕಾರದಿಂದ ಅದಕ್ಕೆ ಬಾಗಿಲು ಮುಚ್ಚಿತೆಂಬುದು ನಮ್ಮ ಅಭಿಪ್ರಾಯ. ಸಮಾನ ಸ್ಥಾನದ ಮಾತಿಗೆ ಬಂದರೆ, ಅದೇ ಬೇಡಿಕೆಯನ್ನು ರಾಜ್ಯದ ದೈಹಿಕ ಶಿಕ್ಷಕರು ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿಗೆ ತರಬೇಕೆಂಬ ರೂಪದಲ್ಲಿ ಅರ್ಧ ಶತಮಾನದ ತರುವಾಯವೂ ಮುಂದಿಡಬೇಕಾಯಿತು.

ಕೊಠಾರಿ ಆಯೋಗ (೧೯೬೪-೬೬) ವೃತ್ತಿಶಿಕ್ಷಣಕ್ಕೆ ಒತ್ತು ಕೊಟ್ಟಿತಾದರೂ ನಮ್ಮ ಪ್ರಶ್ನೆಯನ್ನು ಹೆಚ್ಚು ಮುಂದಕ್ಕೊಯ್ಯಲಿಲ್ಲ. ೧೯೮೬ನೆಯ ವರ್ಷ ಎರಡು ಕಾರಣಗಳಿಂದ ಗಮನಾರ್ಹ. ಆ ವರ್ಷ ಬೆಂಗಳೂರು ಜಿಲ್ಲೆ ವಿಭಜಿತವಾಗಿ ಗ್ರಾಮಾಂತರ ಜಿಲ್ಲೆ ರಚಿತವಾಯಿತು (೨೦೦೭ರಲ್ಲಿ ರಾಮನಗರ ಬೇರೆಯಾದ ಮೇಲೆ ಅದರಲ್ಲಿ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳು ಉಳಿದುವು). ಅದೇ ವರ್ಷ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಕಟವಾಗಿ, ಉಚ್ಚ ಮಾಧ್ಯಮಿಕ ವಿದ್ಯಾರ್ಥಿಗಳಲ್ಲಿ ೧೯೯೦ರ ವೇಳೆಗೆ ಶೇಕಡಾ ೧೦, ೧೯೯೫ರ ವೇಳೆಗೆ ಶೇಕಡಾ ೨೫ ಮಂದಿ ವೃತ್ತಿಶಿಕ್ಷಣಕ್ಕೆ ಬರಬೇಕೆಂದು ಗುರಿಯಿಟ್ಟಿತು. ಈ ನೀತಿಯ ಐದನೆಯ ಭಾಗದಲ್ಲಿ ವೃತ್ತಿಶಿಕ್ಷಣದ ವಿಚಾರವಿದೆ, ಎಂಟನೆಯ ಭಾಗದಲ್ಲಿ ಕ್ರೀಡೆಯ ವಿಚಾರವಿದೆ. ಎರಡಕ್ಕೂ ನಡುವೆ ಮಾತುಕತೆಯಿಲ್ಲ.

೨೦೧೩ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಪ್ರಕಟವಾದಾಗ ಈ ಗೋಡೆ ಮೊದಲ ಬಾರಿಗೆ ಬಿರಿಯಿತು. ಆಟಗಾರನನ್ನಲ್ಲ, ಆಟ ಕಲಿಸುವವನನ್ನೂ ವ್ಯಾಯಾಮ ಮಾಡಿಸುವವನನ್ನೂ ಅದು ವೃತ್ತಿಗಾರನೆಂದು ಎಣಿಸಿತು. ಪುಟ್ಟ ಮಕ್ಕಳ ದೈಹಿಕ ಚಟುವಟಿಕೆಯನ್ನು ನಡೆಸಿಕೊಡುವವನೆಂಬ ಕೆಲಸಕ್ಕೂ ಅಲ್ಲಿ ಹೆಸರು ಬಂದಿತು. ಹರಿಯಾಣದ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಮತ್ತು ಕ್ರೀಡೆ ಈ ಚೌಕಟ್ಟಿನ ವೃತ್ತಿವಿಷಯಗಳಲ್ಲಿ ಸೇರಿತು. ಕರ್ನಾಟಕದಲ್ಲಿ ವೃತ್ತಿವಿಷಯವನ್ನು ತೃತೀಯ ಭಾಷೆಗೆ ಬದಲಾಗಿ ತೆಗೆದುಕೊಳ್ಳುವ ಏರ್ಪಾಟಾಯಿತು. ಎಸ್.ಎಸ್.ಎಲ್.ಸಿ. ವೇಳಾಪಟ್ಟಿಯಲ್ಲಿ ಹಿಂದಿ, ಸಂಸ್ಕೃತಗಳ ಪಕ್ಕದಲ್ಲಿ ಮಾಹಿತಿ ತಂತ್ರಜ್ಞಾನ, ರೀಟೈಲ್, ಆಟೋಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಎಂಬ ಹೆಸರುಗಳು ಕಾಣಿಸಿಕೊಂಡುವು. ಆ ಮೊದಲ ಪಟ್ಟಿಗಳಲ್ಲಿ ಕ್ರೀಡೆಯ ಹೆಸರಿರಲಿಲ್ಲ.

ಕ್ರೀಡಾಶಾಲೆಗಳೂ ಕ್ರೀಡಾ ವಸತಿನಿಲಯಗಳೂ ಇರುವಾಗ ಈ ಕೊರತೆ ಏನು ಮಹಾ ಎಂದು ಕೇಳಬಹುದು. ಯಲಹಂಕದಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿಯೇ ವಿದ್ಯಾನಗರದ ಕ್ರೀಡಾಶಾಲೆಯಿದೆ. ಆದರೆ ಕ್ರೀಡಾಶಾಲೆ ಆರಿಸಿಕೊಳ್ಳುವುದು ಗೆಲ್ಲುವವನನ್ನು. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿಯೊಬ್ಬಳು ಕೊಕ್ಕೋ ಆಟದಲ್ಲಿ ತಾಲ್ಲೂಕು ಮಟ್ಟದವರೆಗೆ ಬಂದು ನಿಂತರೆ ಆ ಶಾಲೆಗೆ ಅವಳು ಬೇಡ. ರೈಲ್ವೆ, ಪೊಲೀಸು ಇಲಾಖೆಗಳ ಕ್ರೀಡಾ ಕೋಟಾಕ್ಕೂ ಬೇಡ. ಆದರೂ ಹತ್ತು ಮಕ್ಕಳಿಗೆ ಆಟ ಕಲಿಸಬಲ್ಲಳು, ಅಂಕಣ ಅಳೆದು ಗೆರೆ ಎಳೆಯಬಲ್ಲಳು, ಉಳುಕಿದ ಕಾಲಿಗೆ ಮೊದಲ ಉಪಚಾರ ಮಾಡಬಲ್ಲಳು. ವೃತ್ತಿವಿಷಯವೆಂಬುದು ಇಂಥವಳಿಗೆ. ಜರ್ಮನಿಯಲ್ಲಿ ೨೦೦೧ರಿಂದಲೂ ಕ್ರೀಡಾಸಂಸ್ಥೆ ಮತ್ತು ವ್ಯಾಯಾಮಶಾಲೆಗಳ ವ್ಯವಹಾರವನ್ನು ನೋಡಿಕೊಳ್ಳುವುದು ಕ್ರಮಬದ್ಧವಾಗಿ ಕಲಿಯಬಹುದಾದ ಕಸುಬಾಗಿದೆ. ನಮ್ಮ ಸೀಮೆಯಲ್ಲಿಯೂ ದೇವನಹಳ್ಳಿಯ ವಿಮಾನ ನಿಲ್ದಾಣ ೨೦೦೮ರಲ್ಲಿ ತೆರೆದ ಮೇಲೆ ವಸತಿ ಸಮುಚ್ಚಯಗಳೂ ಖಾಸಗಿ ಶಾಲೆಗಳೂ ಬೆಳೆದಿವೆ. ಜಿಮ್ಮು, ಈಜುಕೊಳ, ಆಟದಂಕಣಗಳಿಗೆ ಜನ ಬೇಕಾಗಿದ್ದಾರೆ. ಹೊಲ ಹೋದ ಮನೆಯ ಮಕ್ಕಳು ಅಲ್ಲಿ ಗೇಟು ಕಾಯುವವರಾಗಬೇಕೆ, ಒಳಗೆ ಕಲಿಸುವವರಾಗಬೇಕೆ ಎಂಬ ಪ್ರಶ್ನೆ ಕೇವಲ ಪಾಠಪಟ್ಟಿಗೆ ಸಂಬಂಧಿಸಿದುದಲ್ಲ.

೨೦೨೦ರ ಶಿಕ್ಷಣ ನೀತಿ ವೃತ್ತಿಶಿಕ್ಷಣಕ್ಕೂ ಉಳಿದ ಶಿಕ್ಷಣಕ್ಕೂ ನಡುವೆ ಗಟ್ಟಿಯಾದ ಗೆರೆ ಇರಕೂಡದೆಂದಿತು. ಆದರೂ ಕಲಿಸುವವರು ಯಾರೆಂಬ ಪ್ರಶ್ನೆ ಉಳಿಯುತ್ತದೆ. ಸಿ.ಪಿ.ಇಡಿ., ಬಿ.ಪಿ.ಇಡಿ. ಪಡೆದು ನೇಮಕಗೊಂಡ ದೈಹಿಕ ಶಿಕ್ಷಕರು ಸರ್ಕಾರದ ಕಾಯಂ ನೌಕರರು. ಹೊಸ ವೃತ್ತಿವಿಷಯಗಳ ಬೋಧಕರಾದರೋ ಹೆಚ್ಚಾಗಿ ಹೊರಗುತ್ತಿಗೆಯ ಮೂಲಕ ಬಂದವರು. ಕ್ರೀಡೆ ವೃತ್ತಿವಿಷಯವಾಗಿ ಬಂದ ದಿನ ಒಂದೇ ಮೈದಾನದಲ್ಲಿ ಒಂದೇ ವಿದ್ಯೆಯನ್ನು ಬೇರೆ ಬೇರೆ ಷರತ್ತಿನ ಮೇಲೆ ಕಲಿಸುವ ಇಬ್ಬರು ನಿಲ್ಲಬೇಕಾದೀತು. ಮೊದಲಿಯಾರ್ ವರದಿ ಹೇಳಿದ ಸಮಾನ ಸ್ಥಾನ ಆಗ ಇವರಲ್ಲಿ ಯಾರಿಗೆ ಅನ್ವಯಿಸುವುದೆಂಬುದನ್ನು ವಿಷಯವನ್ನು ಪಟ್ಟಿಗೆ ಸೇರಿಸುವ ಮೊದಲೇ ಇತ್ಯರ್ಥಪಡಿಸಬೇಕಾಗಿದೆ.