ಸಾಂಗಲಿ ಅರಿಷಿಣ ಮತ್ತು ನೆನಪಿನ ಶಕ್ತಿ

ಕೃಷ್ಣಾ ತೀರದ ಸಾಂಗಲಿ ದೇಶದ ದೊಡ್ಡ ಅರಿಷಿಣ ಪೇಟೆಗಳಲ್ಲೊಂದು. ಗಡಿಯೀಚೆಯ ಬೆಳಗಾವಿ ಜಿಲ್ಲೆಯ ರೈತರೂ ಇಲ್ಲಿನ ಲಿಲಾವಿಗೆ ಮಾಲು ತರುತ್ತಾರೆ. ಸಾಂಗಲಿ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ವಾರಣಾ ನದಿ ಕೃಷ್ಣೆಯನ್ನು ಕೂಡುವ ಸಾಂಗಲಿ ಬಳಿಯ ಹರಿಪುರದಲ್ಲಿ ಅರಿಷಿಣವನ್ನು ನೆಲದೊಳಗಿನ ಹಗೇವುಗಳಲ್ಲಿ ಕೂಡಿಡುತ್ತಿದ್ದರು. ಕುದಿಸಿ ಒಣಗಿಸಿದ ಕೊಂಬನ್ನು ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ಗಾಳಿಯಾಡದೆ ಹುಳ ಹತ್ತುತ್ತಿರಲಿಲ್ಲ, ಬಣ್ಣವೂ ಉಳಿಯುತ್ತಿತ್ತು. ಹಗೇವು ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಜೀವಕ್ಕೇ ಕುತ್ತು. 2005ರ ಮಹಾಪೂರದಲ್ಲಿ ಇವುಗಳಿಗೆ ನೀರು ನುಗ್ಗಿ ಅಪಾರ ಮಾಲು ಹಾಳಾದ ಮೇಲೆ ವ್ಯಾಪಾರಿಗಳು ಗೋದಾಮು, ಶೀತಲಗೃಹಗಳತ್ತ ಹೊರಳಿದರು.

ಕೊಂಬಿನ ಹಳದಿಗೆ ಕಾರಣ ಕರ್ಕ್ಯುಮಿನ್. ಅರಿಷಿಣ ಪುಡಿಯಲ್ಲಿ ಅದು ಸುಮಾರು ಶೇ 3ರಷ್ಟು ಮಾತ್ರ. 1815ರಲ್ಲಿ ವೋಗೆಲ್ ಮತ್ತು ಪೆಲ್ಟಿಯೆ ಇದನ್ನು ಬೇರ್ಪಡಿಸಿದರು. ಅಣುರಚನೆ ತಿಳಿದದ್ದು 1910ರಲ್ಲಿ. ನೆನಪಿನೊಂದಿಗೆ ಇದರ ನಂಟು ಹುಡುಕಿದ್ದು ತೀರ ಈಚೆಗೆ. ಆಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಗಂಟುಗಟ್ಟುವ ಅಮೈಲಾಯ್ಡ್‌ಗೆ ಕರ್ಕ್ಯುಮಿನ್ ಅಂಟಿಕೊಳ್ಳುತ್ತದೆಂದು 2005ರಲ್ಲಿ ಲಾಸ್ ಏಂಜಲಿಸ್‌ನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಮಸಾಲೆ ಸಾರು ಉಣ್ಣುವ ಹಿರಿಯರು ನೆನಪಿನ ಪರೀಕ್ಷೆಯಲ್ಲಿ ಮೇಲಿದ್ದಾರೆಂದು 2006ರಲ್ಲಿ ಸಿಂಗಪುರದ ಸಮೀಕ್ಷೆ ಹೇಳಿತು. ಆದರೆ ಊಟ ಒಂದರಿಂದಲೇ ಹಾಗಾಯಿತೆಂದು ಸಮೀಕ್ಷೆಯಿಂದ ಸಾಬೀತಾಗುವುದಿಲ್ಲ.

ನಿಜವಾದ ತೊಡಕು ಹೊಟ್ಟೆಯಲ್ಲಿದೆ. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಸೇರಿದ್ದನ್ನೂ ಯಕೃತ್ತು ಬೇಗ ಹೊರಹಾಕುತ್ತದೆ. ಇದಕ್ಕೊಂದು ದಾರಿ ಕಂಡದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2000ದಷ್ಟು ಏರಿತ್ತು. ಲೋಕದ ತುಂಬ ಮಾರಾಟವಾಗುವ ಎಷ್ಟೋ ಕರ್ಕ್ಯುಮಿನ್ ಮಾತ್ರೆಗಳಲ್ಲಿ ಮೆಣಸಿನ ಸತ್ವ ಇರುವುದು ಈ ಕಾರಣಕ್ಕೆ.

ಆಲ್ಝೈಮರ್ ರೋಗ ಆಗಲೇ ಕಾಲೂರಿದ 36 ಜನರಿಗೆ ಕರ್ಕ್ಯುಮಿನ್ ಕೊಟ್ಟು 24 ವಾರ ನಡೆಸಿದ, 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಯಾವ ಗುಣವೂ ಕಾಣಲಿಲ್ಲ. 2018ರಲ್ಲಿ ಮರೆವಿನ ರೋಗವಿಲ್ಲದ, 51ರಿಂದ 84 ವಯಸ್ಸಿನ 40 ಜನರ ಅಧ್ಯಯನದ ಫಲ ಹೊರಬಂತು: ಸುಲಭವಾಗಿ ಹೀರಿಕೆಯಾಗುವ ಕರ್ಕ್ಯುಮಿನ್ 90 ಮಿಲಿಗ್ರಾಂ, ದಿನಕ್ಕೆರಡು ಬಾರಿ, 18 ತಿಂಗಳು ತೆಗೆದುಕೊಂಡವರ ನೆನಪು ಸುಧಾರಿಸಿತ್ತು. ಇದು ಆಶೆ ಹುಟ್ಟಿಸುವ ಫಲಿತಾಂಶ, ಆದರೆ ತಂಡ ಚಿಕ್ಕದು. ಒಗ್ಗರಣೆಗೆ ಹಾಕುವ ಚಿಟಿಕೆ ಅರಿಷಿಣಕ್ಕಾಗಲಿ, ಓದುವ ಮಕ್ಕಳ ಕಲಿಕೆಗಾಗಲಿ ಇದನ್ನು ಅನ್ವಯಿಸುವುದು ಸರಿಯಲ್ಲ.