ಶಾಶಾದಿಂದ ಫೈಬರ್ ದೋಣಿಗೆ

ಪಾಲು ಹಾಕಿ 25–30 ಅಡಿಯ ಮೋಟಾರು ದೋಣಿ ಕೊಳ್ಳುವ ಮಾತು ಬಂದಾಗಲೆಲ್ಲ ನಾವು ಮೊದಲು ಕೇಳುವುದು ಎಂಜಿನ್ನಿನ ಅಶ್ವಶಕ್ತಿ. ಇಲ್ಲಿನ ಹಳಬರು ಮೊದಲು ಕಡಲು ನೋಡುತ್ತಿದ್ದರು. ಫುಜೈರಾ, ಒಮಾನಿನ ಬಾತಿನಾ ತೀರದಲ್ಲಿ ಒಳ್ಳೆಯ ಮರವಿರಲಿಲ್ಲ. ಖರ್ಜೂರದ ಗರಿದಿಂಡು ಕಟ್ಟಿ ‘ಶಾಶಾ’ ಮಾಡಿದರು. ಒಳಗೆ ನೀರು ಬಂದರೂ ತೇಲುತ್ತಿತ್ತು. ಮರಳಿಗೆ ಎಳೆದು ಒಣಗಿಸಿದರಾಯಿತು. ‘ಹೂರಿ’ ಎಂಬ ಒಂಟಿಮರದ ದೋಣಿಯಂತೂ ನಮ್ಮ ನೆರೆಯ ಮಲಬಾರಿನಿಂದಲೇ ಬರುತ್ತಿತ್ತು. ಆಮೇಲೆ ಎಂಜಿನ್ ಬಂತು, ಫೈಬರ್ ಗ್ಲಾಸ್ ಬಂತು. 1982ರಲ್ಲಿ ಯುಎಇಯಲ್ಲೇ ಗಲ್ಫ್ ಕ್ರಾಫ್ಟ್ ಹುಟ್ಟಿತು. ಕಡಲು ಮಾತ್ರ ಹಳೆಯದೇ. ದುಬೈ, ಅಬುಧಾಬಿ ಕಡೆಯ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್. ಶಮಾಲ್ ಗಾಳಿ ಎದ್ದರೆ ಗಿಡ್ಡ, ಕಡಿದಾದ ಅಲೆಗಳು ಬೆನ್ನುಬೆನ್ನಿಗೆ ಬಡಿಯುತ್ತವೆ. ಚಪ್ಪಟೆ ತಳದ ದೋಣಿಯಲ್ಲಿ ಕೂತವರ ಸೊಂಟ ಕೇಳಬೇಡಿ. ಮೊದಲು ತಳ ನೋಡೋಣ, ‘ವಿ’ ಆಕಾರ ಆಳವಾಗಿರಲಿ, ಅಶ್ವಶಕ್ತಿ ಆಮೇಲೆ.